ಕರಾವಳಿಯ ಕ್ಷೇತ್ರಗಳು: ಯಾತ್ರೆ, ಪ್ರವಾಸ ಮತ್ತು ಊರಿನ ಹಿತ

ತುಳುನಾಡಿನ ಜೈನ ಕ್ಷೇತ್ರಗಳ ಆಡಳಿತ ಮಂಡಳಿಗಳ ಸಭೆಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಒಂದು ವಿಷಯ ಮತ್ತೆ ಮತ್ತೆ ಚರ್ಚೆಗೆ ಬರುತ್ತಿದೆ. ಬಸದಿಗಳಿಗೆ ಬರುವವರ ಸಂಖ್ಯೆ ಹೆಚ್ಚಿದೆ. ಅವರಲ್ಲಿ ದರ್ಶನಾರ್ಥಿಗಳೆಷ್ಟು, ನೋಟಕರೆಷ್ಟು ಎಂಬುದನ್ನು ಬೇರ್ಪಡಿಸಿ ಹೇಳುವುದು ಕಷ್ಟ. ಬರುವವರನ್ನು ಸ್ವಾಗತಿಸಬೇಕೆಂಬ ಅಭಿಪ್ರಾಯ ಒಂದು ಕಡೆ, ಕ್ಷೇತ್ರದ ಪಾವಿತ್ರ್ಯ ಕೆಡುತ್ತಿದೆಯೆಂಬ ಆತಂಕ ಇನ್ನೊಂದು ಕಡೆ. ಆದರೆ ಈ ಎರಡು ಮಾತುಗಳ ನಡುವೆ ಮೂರನೆಯ ಪಕ್ಷವೊಂದು ಬಹುಮಟ್ಟಿಗೆ ಮರೆತುಹೋಗುತ್ತದೆ. ಅದು ಕ್ಷೇತ್ರವನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಿರುವ ಊರು. ಅಲ್ಲಿಯ ಬಾವಿ, ಕೆರೆ, ಗದ್ದೆ, ಕಡಲ ತಡಿ, ಅವುಗಳನ್ನು ನಂಬಿ ಬದುಕುವ ನಾನಾ ಜಾತಿಮತಗಳ ಜನ. ಈ ಮೂರನೆಯ ಪಕ್ಷದ ದೃಷ್ಟಿಯಿಂದ ನಮ್ಮ ಚರಿತ್ರೆ ಏನನ್ನು ಹೇಳುತ್ತದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪಯಣಿಗರ ನಾಡು

ಕರಾವಳಿಗೆ ಹೊರಗಿನವರ ಆಗಮನ ಹೊಸದೇನೂ ಅಲ್ಲ. ಬಾರಕೂರು, ಬಸರೂರು, ಮಂಗಳೂರು, ಭಟ್ಕಳ ಬಂದರುಗಳ ಮೂಲಕ ಅಕ್ಕಿ, ಕರಿಮೆಣಸು ಶತಮಾನಗಳ ಕಾಲ ದೇಶಾಂತರಕ್ಕೆ ಹೋಗಿವೆ. ಆ ವ್ಯಾಪಾರದಲ್ಲಿ ಘಟ್ಟದ ಕೆಳಗಿನ ಸೆಟ್ಟಿಕಾರರಿಗೂ ಪಾಲಿತ್ತು. 14ನೆಯ ಶತಮಾನದಲ್ಲಿ ಈ ತೀರದಲ್ಲಿ ಸಂಚರಿಸಿದ ಮೊರೊಕ್ಕೊ ದೇಶದ ಇಬ್ನ್ ಬತೂತನು ಗೋವೆಯಿಂದ ಕೊಲ್ಲಂವರೆಗಿನ ದಾರಿಯನ್ನು ವರ್ಣಿಸುತ್ತ, ಅರ್ಧರ್ಧ ಮೈಲಿಗೆ ಮರದ ತಂಗುಮನೆಗಳಿದ್ದುವೆಂದೂ, ಪ್ರತಿಯೊಂದರ ಬಳಿಯೂ ಬಾವಿ ಮತ್ತು ನೀರು ಕೊಡಲು ನೇಮಿಸಿದ ಒಬ್ಬ ಮನುಷ್ಯನಿದ್ದನೆಂದೂ ಬರೆದಿದ್ದಾನೆ. ದಾರಿಹೋಕನಿಗೆ ಬೆಲ್ಲ ಮತ್ತು ನೀರು ಕೊಡುವ ತುಳುನಾಡಿನ ಸಂಪ್ರದಾಯವನ್ನು ಬಲ್ಲವರಿಗೆ ಈ ಮಾತು ಆಶ್ಚರ್ಯ ತರುವುದಿಲ್ಲ. ಆದರೆ ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಆ ನೀರಿಗೆ ಒಂದು ವ್ಯವಸ್ಥೆಯಿತ್ತು. ಬಾವಿ ಪಯಣಿಗನಿಗೆಂದೇ ತೋಡಿದ್ದು. ಅದನ್ನು ಕಾಯುವವನೊಬ್ಬನಿದ್ದ. ಪಯಣಿಗನು ಊರಿನವರ ಕೊಡದಿಂದ ನೀರನ್ನು ಕಸಿದುಕೊಳ್ಳಬೇಕಾದ ಪ್ರಸಂಗ ಬರುತ್ತಿರಲಿಲ್ಲ.

ಇನ್ನೊಬ್ಬ ಪ್ರವಾಸಿಯ ಸಂಗತಿ ಇದಕ್ಕಿಂತ ಸ್ವಾರಸ್ಯವಾದುದು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬಾತ ಮಂಗಳೂರಿನ ಕಡೆಗೆ ಬಂದು, ಪೋರ್ಚುಗೀಸರನ್ನು ಎದುರಿಸಿ ಹೆಸರಾಗಿದ್ದ ಉಳ್ಳಾಲದ ಚೌಟರಾಣಿಯನ್ನು ಕಾಣಬೇಕೆಂದು ಹೊರಟನು. ಚೌಟರು ಜೈನ ಅರಸರೆಂಬುದು ಸರ್ವವಿದಿತ. ಆಸ್ಥಾನದಲ್ಲಿ ಸಿಂಹಾಸನದ ಮೇಲೆ ರಾಣಿ ಕಾಣುವಳೆಂದು ನಿರೀಕ್ಷಿಸಿದ್ದವನಿಗೆ ಅವಳು ಸಿಕ್ಕಿದ್ದು ದಾರಿಯಲ್ಲಿ. ಬರಿಗಾಲಿನಲ್ಲಿ, ಸಾಧಾರಣ ಹತ್ತಿಯ ಬಟ್ಟೆಯಲ್ಲಿ, ಅಗೆಯುತ್ತಿದ್ದ ಕಾಲುವೆಯ ಕೆಲಸವನ್ನು ನೋಡಲೆಂದು ನಡೆದು ಬಂದಿದ್ದಳು. ಈತನು ತುರ್ಕಿ, ಪರ್ಷಿಯ, ಮೊಗಲರ ಆಸ್ಥಾನಗಳನ್ನು ಕಂಡು ಬಂದವನೆಂದು ತಿಳಿದಾಗ, ಅಂಥವನು ತನ್ನ ಈ ಕಾಡುನಾಡಿನಲ್ಲಿ ಏನನ್ನು ನೋಡಲು ಬಂದನೆಂದು ರಾಣಿ ಕೇಳಿದಳಂತೆ. ಆತನು ತನ್ನ ಪ್ರವಾಸದ ಪತ್ರಗಳಲ್ಲಿ ಇದನ್ನು ದಾಖಲಿಸಿದ್ದಾನೆ. ನೋಡಲು ಬಂದವನ ಮನಸ್ಸು ರಾಣಿಯ ಮೇಲೆ, ರಾಣಿಯ ಮನಸ್ಸು ನೀರಿನ ಮೇಲೆ. ಇಂದು ನಮ್ಮ ಕ್ಷೇತ್ರಗಳ ಮುಂದೆ ನಿಂತಿರುವ ಸಮಸ್ಯೆ ಈ ಒಂದು ಚಿತ್ರದಲ್ಲಿ ಅಡಗಿದೆಯೆಂದು ನನಗೆ ತೋರುತ್ತದೆ.

ದತ್ತಿಗಳು ಹೇಳುವ ಲೆಕ್ಕ

ನಮ್ಮ ಪೂರ್ವಿಕರು ಬಸದಿಯನ್ನು ಕಟ್ಟಿ ಕೈಮುಗಿದು ಹೋದವರಲ್ಲ. ಅದರ ನಾಳಿನ ಖರ್ಚನ್ನೂ ಲೆಕ್ಕ ಹಾಕಿದವರು. ವರಂಗದ ನೇಮಿನಾಥ ಬಸದಿಗೆ ವಿಜಯನಗರದ ಇಮ್ಮಡಿ ದೇವರಾಯನು 1424ರಲ್ಲಿ ವರಂಗ ಗ್ರಾಮವನ್ನೇ ದತ್ತಿಯಾಗಿ ಬಿಟ್ಟನು. ಅದೇ ಅರಸನ ಕಾಲದಲ್ಲಿ, 1430ರ ಸುಮಾರಿಗೆ, ಮೂಡಬಿದಿರೆಯಲ್ಲಿ ತ್ರಿಭುವನತಿಲಕ ಚೂಡಾಮಣಿ ಬಸದಿ ಎದ್ದಿತು. ಇಂದು ಸಾವಿರ ಕಂಬದ ಬಸದಿಯೆಂದು ಲೋಕಪ್ರಸಿದ್ಧವಾಗಿರುವ ಆ ಜಿನಾಲಯ ಒಬ್ಬ ಅರಸನ ಕೊಡುಗೆಯಲ್ಲ. ಊರಿನ ಸೆಟ್ಟಿಕಾರರು ಕೂಡಿ ಕಟ್ಟಿದ್ದು. ವ್ಯಾಪಾರದ ಲಾಭ ಊರಿನಲ್ಲಿಯೇ ಕಲ್ಲಾಗಿ, ಮರವಾಗಿ, ಪೂಜೆಯಾಗಿ, ಕೆಲಸಗಾರರ ಕೂಲಿಯಾಗಿ ಉಳಿಯಿತು.

ಕಾರ್ಕಳದಲ್ಲಿ 1432ರಲ್ಲಿ ವೀರಪಾಂಡ್ಯ ಭೈರರಸನು ಸುಮಾರು 42 ಅಡಿ ಎತ್ತರದ ಬಾಹುಬಲಿ ಸ್ವಾಮಿಯನ್ನು ಪ್ರತಿಷ್ಠಾಪಿಸಿದನು. ಅದರ ಎದುರಿನ ಗುಡ್ಡದ ಮೇಲೆ 1586ರಲ್ಲಿ ಇಮ್ಮಡಿ ಭೈರರಸನು ಚತುರ್ಮುಖ ಬಸದಿಯನ್ನು ಕಟ್ಟಿಸಿದನು. ಆ ಬಸದಿಯ ಶಾಸನ ನಮ್ಮ ವಿಷಯಕ್ಕೆ ಬಹಳ ಉಪಯುಕ್ತವಾದುದು. ತೆಳ್ಳಾರು ಗ್ರಾಮದ ಉತ್ಪನ್ನವಾದ 700 ಮುಡಿ ಅಕ್ಕಿಯನ್ನೂ ರೆಂಜಾಳ, ನಲ್ಲೂರುಗಳ ಸಿದ್ಧಾಯದಲ್ಲಿ ಒಂದು ಭಾಗವನ್ನೂ ಬಸದಿಗೆ ಬಿಟ್ಟು, ನಾಲ್ಕು ದಿಕ್ಕಿನ ಪೂಜೆಗೆ ನಿಲ್ಲುವ ಸ್ಥಾನಿಕರ ಮನೆತನಗಳಿಗೂ, ವಾದ್ಯದವರಿಗೂ, ಅಲ್ಲಿ ವಾಸಿಸುವ ಬ್ರಹ್ಮಚಾರಿಗಳಿಗೂ ಸಲ್ಲಬೇಕಾದುದನ್ನು ಶಾಸನ ಗೊತ್ತುಪಡಿಸುತ್ತದೆ. ಬ್ರಹ್ಮಚಾರಿಗಳಿಗೆ ಚಳಿಗೆಂದು ಕಂಬಳಿಯನ್ನು ಕೂಡ ಮರೆತಿಲ್ಲ. ಬಾಣಿಜ್ಯಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಈ ಶಾಸನ ಒಂದು ಆಯವ್ಯಯ ಪತ್ರಿಕೆಯಂತೆ ಕಾಣುತ್ತದೆ. ಇದರಲ್ಲಿ ಬಂದುಹೋಗುವವರ ಕಾಣಿಕೆಯ ಮೇಲೆ ಕ್ಷೇತ್ರ ನಿಂತಿಲ್ಲ. ಹತ್ತಿರದ ಊರಿನ ಬೆಳೆಯ ಮೇಲೆ ನಿಂತಿದೆ. ಊರು ಚೆನ್ನಾಗಿದ್ದರೆ ಬಸದಿಯ ದೀಪ ಉರಿಯುತ್ತದೆ. ಗದ್ದೆ ಒಣಗಿದರೆ ದೀಪವೂ ಆರುತ್ತದೆ. ಹೀಗೆ ಇಬ್ಬರ ಹಿತವೂ ಒಂದೇ ಗಂಟಿನಲ್ಲಿ ಕಟ್ಟಲ್ಪಟ್ಟಿತ್ತು.

ಕಡಲ ತಡಿಯಲ್ಲಿಯೇ ಇರುವ ಕಾಪುವಿನ 1556ರ ತಾಮ್ರಶಾಸನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕೆಳದಿಯ ಸದಾಶಿವನಾಯಕನ ಕಾಲದಲ್ಲಿ ಕಾಪುವಿನ ಮದ್ದ ಹೆಗ್ಗಡೆಯು ಧರ್ಮನಾಥ ತೀರ್ಥಂಕರರ ಪೂಜೆಗೆಂದು ಮಲ್ಲಾರಿನಲ್ಲಿ ಭೂಮಿಯನ್ನು ಬಿಟ್ಟನು. ದತ್ತಿಯನ್ನು ಕೆಡಿಸಿದವನಿಗೆ ತಟ್ಟುವ ಪಾಪವನ್ನು ಹೇಳುವಾಗ ಶಾಸನವು ಜೈನರನ್ನು ಮಾತ್ರ ಉದ್ದೇಶಿಸುವುದಿಲ್ಲ. ಜೈನನು ಕೆಡಿಸಿದರೆ ಬೆಳಗೊಳದ ಗುಮ್ಮಟನಾಥ, ಕೊಪಣದ ಚಂದ್ರನಾಥ, ಊರ್ಜಯಂತದ ನೇಮಿನಾಥ ಬಿಂಬಗಳನ್ನು ಒಡೆದ ಪಾಪ; ಶೈವನು ಕೆಡಿಸಿದರೆ ಗೋಕರ್ಣವೇ ಮೊದಲಾದ ಸ್ಥಳಗಳ ಲಿಂಗಗಳನ್ನು ಒಡೆದ ಪಾಪ; ವೈಷ್ಣವನಿಗೂ ಅವನ ಪುಣ್ಯಕ್ಷೇತ್ರದ ಮೇಲೆಯೇ ಆಣೆ. ಅಂದರೆ ಬಸದಿಯ ರಕ್ಷಣೆಯನ್ನು ಊರಿನ ಸಮಸ್ತರಿಗೂ ಒಪ್ಪಿಸಲಾಗಿತ್ತು. ಒಬ್ಬೊಬ್ಬನ ಶ್ರದ್ಧೆಯನ್ನು ಅವನವನ ಭಾಷೆಯಲ್ಲಿಯೇ ಮಾನ್ಯ ಮಾಡಲಾಗಿತ್ತು. ನೆರೆಯವರ ಸಮ್ಮತಿಯಿಲ್ಲದೆ ಯಾವ ಕ್ಷೇತ್ರವೂ ಬಾಳಲಾರದೆಂಬ ತಿಳಿವಳಿಕೆ ಇದರ ಹಿಂದೆ ಇದೆ.

ಗಂಟು ಸಡಿಲವಾದ ಬಗೆ

ಈ ವ್ಯವಸ್ಥೆ ಯಾವಾಗ ಸಡಿಲವಾಯಿತು? ಅರಸುಮನೆತನಗಳು ಅಳಿದ ಮೇಲೂ ಗೇಣಿಯ ಅಕ್ಕಿ ಬಸದಿಗಳಿಗೆ ಬರುತ್ತಿತ್ತು. 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿಪದ್ಧತಿ ರದ್ದಾಗಿ ಉಳುವವನೇ ಒಡೆಯನಾದನು. ತಲೆಮಾರುಗಳಿಂದ ಗೇಯ್ದವನಿಗೆ ಭೂಮಿ ದೊರೆತದ್ದು ನ್ಯಾಯವೇ ಸರಿ. ಅಪರಿಗ್ರಹವನ್ನು ಬೋಧಿಸುವ ನಾವು ಅದಕ್ಕಾಗಿ ಮರುಗುವುದು ಶೋಭಿಸುವುದಿಲ್ಲ. ಆದರೆ ಅದರ ಒಂದು ಪರಿಣಾಮವನ್ನು ಗುರುತಿಸಲೇಬೇಕು. ಅಕ್ಕಿಯ ಬದಲಿಗೆ ಬಂದ ನಗದು ಪರಿಹಾರದ ಬೆಲೆ ವರ್ಷದಿಂದ ವರ್ಷಕ್ಕೆ ಕುಗ್ಗಿತು. ಎಷ್ಟೋ ಬಸದಿಗಳು ನಿತ್ಯಪೂಜೆಗೂ ಹೊರಗಿನ ದಾನಿಗಳನ್ನು ಮತ್ತು ಸಂದರ್ಶಕರನ್ನು ನಿರೀಕ್ಷಿಸುವಂತಾಯಿತು. ಊರಿನ ಬೆಳೆಗೂ ಬಸದಿಯ ದೀಪಕ್ಕೂ ಇದ್ದ ಗಂಟು ಹೀಗೆ ಬಿಚ್ಚಿಕೊಂಡಿತು.

ಅದೇ ಕಾಲದಲ್ಲಿ ದಾರಿಗಳು ಬದಲಾದುವು. ಹಿಂದೆ ಹೊಳೆಹೊಳೆಗೂ ದೋಣಿಯಲ್ಲಿ ದಾಟಿ ಬರಬೇಕಾಗಿದ್ದ ನಾಡಿಗೆ ಸೇತುವೆಗಳಾದುವು; 1998ರಲ್ಲಿ ಕೊಂಕಣ ರೈಲು ಪೂರ್ಣವಾಗಿ ಸಂಚಾರಕ್ಕೆ ತೆರೆಯಿತು; ಹೆದ್ದಾರಿ ಅಗಲವಾಯಿತು. ಹಿಂದಿನ ಯಾತ್ರಿಕನು ಒಂದೆರಡು ದಿನ ತಂಗಿ, ಊರಿನ ಮನೆಯಲ್ಲಿ ಉಂಡು, ಪುರೋಹಿತರ ಮತ್ತು ನೆರೆಯವರ ಹೆಸರು ತಿಳಿದು ಹೋಗುತ್ತಿದ್ದನು. ಇಂದಿನವನು ಒಂದೇ ದಿನದಲ್ಲಿ ಮೂಡಬಿದಿರೆ, ವೇಣೂರು, ಕಾರ್ಕಳ, ವರಂಗಗಳನ್ನು ಮುಗಿಸಿ ಸಂಜೆಗೆ ಕಾಪುವಿನ ದೀಪಸ್ತಂಭದ ಬಳಿ ಸೂರ್ಯಾಸ್ತ ನೋಡುತ್ತಾನೆ. 1901ರಲ್ಲಿ ನಾವಿಕರ ದಾರಿಗೆಂದು ಕಟ್ಟಿದ ಆ ದೀಪಸ್ತಂಭವೇ ಈಗ ನೋಟಕರ ಗುರಿಯಾಗಿದೆ. ಉಡುಪಿ ಜಿಲ್ಲೆಯ ಪಡುಬಿದ್ರಿ ಮತ್ತು ಉತ್ತರ ಕನ್ನಡದ ಕಾಸರಕೋಡು ಕಡಲತೀರಗಳಿಗೆ 2020ರಲ್ಲಿ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮನ್ನಣೆ ದೊರೆತು, ಈ ತೀರದ ಹೆಸರು ದೂರದವರೆಗೂ ಹಬ್ಬಿತು. ಶುಚಿತ್ವಕ್ಕೆ ದೊರೆತ ಮನ್ನಣೆ ಸಂತೋಷದ ವಿಷಯ. ಆದರೆ ತೀರವೆಂದರೆ ಮರಳು ಮತ್ತು ಸೂರ್ಯಾಸ್ತ ಮಾತ್ರವಲ್ಲ.

ಬಾವಿಯ ಪಾಠ

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕಾಗಿದೆ. ಅನೇಕ ವರ್ಷಗಳ ಹಿಂದೆ ನಾನು ಕಡಲಿಗೆ ಸಮೀಪದ ಒಂದು ಚಿಕ್ಕ ಬಸದಿಯ ಆಡಳಿತದಲ್ಲಿದ್ದೆನು. ಯಾತ್ರಿಕರ ಅನುಕೂಲಕ್ಕೆ ಕೆಲವು ಕೋಣೆಗಳನ್ನು ಕಟ್ಟಿಸಿದೆವು. ನೀರಿಗೆಂದು ಕೊಳವೆ ಬಾವಿ ಕೊರೆಯಿಸಿದೆವು. ಠರಾವನ್ನು ಮಂಡಿಸಿದವನು ನಾನೇ. ಎರಡು ವರ್ಷ ಜಮಾಖರ್ಚು ಬಹಳ ಸೊಗಸಾಗಿತ್ತು. ಕಾಣಿಕೆ ಏರಿತು, ಮಹಾಸಭೆಯಲ್ಲಿ ಚಪ್ಪಾಳೆಯೂ ದೊರೆಯಿತು. ಮೂರನೆಯ ಬೇಸಿಗೆಯಲ್ಲಿ ಪಕ್ಕದ ಮನೆಯ ವೃದ್ಧೆಯೊಬ್ಬರು ಒಂದು ಚೊಂಬು ನೀರು ತಂದು ನನ್ನ ಮುಂದೆ ಇಟ್ಟರು. ಕುಡಿದು ನೋಡಿದೆ, ಉಪ್ಪು. "ನಿಮ್ಮ ಯಾತ್ರಿಕರು ಮಿಂದು ಹೋಗುತ್ತಾರೆ, ಧನಿಗಳೇ. ನಾವು ಇಲ್ಲಿಯೇ ಇರುವವರು" ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. ಅದೇ ನನ್ನನ್ನು ಹೆಚ್ಚು ನಾಚಿಸಿತು. ಅವರ ಬಾವಿ ನಮ್ಮ ಲೆಕ್ಕದ ಪುಸ್ತಕದ ಯಾವ ಪುಟದಲ್ಲಿಯೂ ಇರಲಿಲ್ಲ.

ಇದರ ಕಾರಣ ಸರಳವಾದುದು. ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆಯಿಂದ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆಯೆಂದು ನಾವು ಹೆಮ್ಮೆಪಡುತ್ತೇವೆ. ಆದರೆ ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು, ಮುರಕಲ್ಲಿನ ಮೂಲಕ ಇಳಿದು ಬೇಗನೆ ಕಡಲು ಸೇರುತ್ತದೆ. ತೀರದ ಮರಳಿನ ಅಡಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುವ ತೆಳುವಾದ ಪದರದಂತೆ ನಿಂತಿರುತ್ತದೆ. ಕೊಡದಿಂದ ಸೇದುವಷ್ಟು ಕಾಲ ಅದು ಉಳಿಯುತ್ತದೆ. ಯಂತ್ರದಿಂದ ಎಳೆದರೆ ಕೆಳಗಿನ ಉಪ್ಪು ಮೇಲೇರುತ್ತದೆ. ಒಮ್ಮೆ ಉಪ್ಪಾದ ಬಾವಿ ಮತ್ತೆ ಸಿಹಿಯಾಗಲು ಮಳೆಗಾಲಗಳೇ ಬೇಕು. ನೀರು ಅತ್ಯಂತ ಕಡಿಮೆಯಿರುವ ಫೆಬ್ರವರಿಯಿಂದ ಮೇವರೆಗಿನ ತಿಂಗಳುಗಳಲ್ಲಿಯೇ ಉತ್ಸವಗಳೂ ಶಾಲೆಯ ರಜೆಗಳೂ ಬಂದು ಜನ ತುಂಬುತ್ತಾರೆ. ಊರಿನ ಬಡತನದ ಕಾಲವೇ ಪ್ರವಾಸದ ಸುಗ್ಗಿಯಾಗಿದೆ.

ಮೀನುಗಾರರ ತೀರ

ಇನ್ನು ಒಂದು ಕ್ಲಿಷ್ಟವಾದ ಪ್ರಶ್ನೆ. ಕಡಲ ತಡಿಯಲ್ಲಿ ಬಾಳುವವರು ಬಹುಪಾಲು ಮೊಗವೀರರು, ಖಾರ್ವಿಗಳು ಮೊದಲಾದ ಮೀನುಗಾರ ಸಮುದಾಯದವರು. ಅವರ ವೃತ್ತಿ ನಮ್ಮ ಅಹಿಂಸಾವ್ರತಕ್ಕೆ ಹೊಂದುವುದಿಲ್ಲ. ಆದುದರಿಂದ ತೀರದಲ್ಲಿ ಅವರ ಸ್ಥಾನ ಕುಗ್ಗಿ ಪ್ರವಾಸೋದ್ಯಮ ಬೆಳೆದರೆ ಹಿಂಸೆ ಕಡಿಮೆಯಾಯಿತೆಂದು ತಿಳಿಯಬಹುದೇ? ಹೀಗೆ ವಾದಿಸಿದ ಸಮಾಜಬಾಂಧವರನ್ನು ನಾನು ಕೇಳಿದ್ದೇನೆ. ಈ ವಾದ ಸರಿಯಲ್ಲ.

ಮೊದಲನೆಯದಾಗಿ, ವ್ರತವೆಂಬುದು ತಾನಾಗಿ ಕೈಕೊಳ್ಳುವ ನಿಯಮ. ನಮ್ಮ ವ್ರತ ನಮ್ಮನ್ನು ಕಟ್ಟುತ್ತದೆ. ನೆರೆಯವನ ನೆಲವನ್ನು ಬಿಡಿಸುವ ಹಕ್ಕನ್ನು ಅದು ನಮಗೆ ಕೊಡುವುದಿಲ್ಲ. ಎರಡನೆಯದಾಗಿ, ರಾಂಪಣಿ ಬಲೆಯ ಕಾಲದ ತೀರವನ್ನು ಕಂಡವರಿಗೆ ಗೊತ್ತು: ಆ ಬಲೆಯನ್ನು ಎಳೆಯಲು ಉದ್ದನೆಯ ತೆರೆದ ಮರಳು ಬೇಕಾಗುತ್ತಿತ್ತು, ಹತ್ತಾರು ಮನೆಗಳವರು ಕೂಡಿ ಎಳೆದು ಪಾಲು ಹಂಚಿಕೊಳ್ಳುತ್ತಿದ್ದರು. 1970ರ ದಶಕದ ಉತ್ತರಾರ್ಧದಲ್ಲಿ ಯಾಂತ್ರಿಕ ಪರ್ಸೀನ್ ದೋಣಿಗಳು ಬಂದು ಆ ಕೂಡುದುಡಿಮೆ ಕುಸಿಯಿತು. ಒಮ್ಮೆ ಯಂತ್ರಕ್ಕೆ ಸೋತವರು ಎರಡನೆಯ ಸಲ ಬೇಲಿಗೆ ಸೋಲಬೇಕೆ? ಈಗಲೂ ನಾಡದೋಣಿಗಳನ್ನು ಎಳೆದಿಡಲು, ಬಲೆ ಹರವಲು, ಮೀನು ಒಣಗಿಸಲು ತೀರವೇ ಅಂಗಳ. ಮೂರನೆಯದಾಗಿ, ಮೀನುಗಾರನನ್ನು ತೆರವುಗೊಳಿಸಿದ ಸ್ಥಳದಲ್ಲಿ ಏಳುವ ಹೋಟೆಲುಗಳು ಅಹಿಂಸೆಯ ಮಂದಿರಗಳಾಗಿರುವುದಿಲ್ಲ. ಅಲ್ಲಿಯ ಅಡಿಗೆಮನೆ, ಮದ್ಯ, ಕೊಳಚೆ ಇವುಗಳ ಲೆಕ್ಕವನ್ನೂ ಹಿಡಿದರೆ ಹಿಂಸೆ ಕುಗ್ಗುವುದಿಲ್ಲ, ಕೈ ಬದಲಾಯಿಸುತ್ತದೆ. ಮೀನುಗಾರನ ವೃತ್ತಿಯನ್ನು ಒಪ್ಪದೆಯೂ ಅವನ ನೆಲೆಯನ್ನು ಗೌರವಿಸುವುದು ಸಾಧ್ಯ. ಅನೇಕಾಂತದ ಅಭ್ಯಾಸ ಇಂಥ ಕಠಿಣ ಸ್ಥಳಗಳಲ್ಲಿಯೇ ಆಗಬೇಕು.

1991ರಲ್ಲಿ ಮೊದಲು ಬಂದು 2011 ಮತ್ತು 2019ರಲ್ಲಿ ಪರಿಷ್ಕೃತವಾದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಈ ಹಿತಗಳನ್ನು ಸಮತೂಗಿಸಲು ಯತ್ನಿಸಿದೆ. 2019ರ ಅಧಿಸೂಚನೆಯು ಜನಸಾಂದ್ರತೆ ಕಡಿಮೆಯಿರುವ ಗ್ರಾಮೀಣ ತೀರದಲ್ಲಿ ಭರತದ ಗೆರೆಯಿಂದ 200 ಮೀಟರ್‌ವರೆಗೆ ಹೊಸ ಕಟ್ಟಡಗಳನ್ನು ನಿರ್ಬಂಧಿಸಿತು. ಜನಸಾಂದ್ರತೆ ಹೆಚ್ಚಿರುವೆಡೆ ಈ ಅಂತರವನ್ನು 50 ಮೀಟರ್‌ಗೆ ಇಳಿಸಿತು. ಅದರಲ್ಲಿ ನಾವು ಗಮನಿಸಬೇಕಾದ ಅಂಶವೆಂದರೆ, ಸ್ಥಳೀಯರು ತಮ್ಮ ಮನೆಗಳ ವಿನ್ಯಾಸ, ವಿಸ್ತಾರಗಳನ್ನು ಬದಲಿಸದೆ ಪ್ರವಾಸಿಗರಿಗೆ ತಂಗಲು ಕೊಡಬಹುದೆಂಬ ಅವಕಾಶ. ಊರಿನ ಮನೆಯೇ ತಂಗುಮನೆಯಾದರೆ ಹಣವೂ ಊರಿನಲ್ಲಿ ಉಳಿಯುತ್ತದೆ. ಅತಿಥಿಯೂ ಬಾವಿಯ ಆಳವನ್ನು ಅರಿತು ನೀರು ಬಳಸುತ್ತಾನೆ.

ಶ್ರಾವಕನ ಅಳತೆಗೋಲು

ಪ್ರವಾಸದ ವಿಷಯದಲ್ಲಿ ನಮ್ಮ ಆಚಾರ್ಯರಷ್ಟು ಆಳವಾಗಿ ವಿಚಾರ ಮಾಡಿದವರು ವಿರಳ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ದಿಗ್ವ್ರತವನ್ನು ಗುಣವ್ರತಗಳಲ್ಲಿ ಮೊದಲನೆಯದಾಗಿ ಹೇಳಿ, ಸಮುದ್ರ, ನದಿ, ಅಡವಿ, ಗಿರಿ ಮೊದಲಾದುವನ್ನು ಗಡಿಯಾಗಿ ಇಟ್ಟುಕೊಳ್ಳಬೇಕೆಂದು ವಿಧಿಸಿದ್ದಾರೆ. ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆ ಒಂದು. ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಗಿಡವನ್ನು ಕಡಿಯುವುದು ಇದರಲ್ಲಿ ಸೇರುತ್ತವೆ. ಅಷ್ಟೇ ಅಲ್ಲ, ನಿರರ್ಥಕವಾಗಿ ತಾನು ಅಲೆಯುವುದು ಮತ್ತು ಇತರರನ್ನು ಅಲೆಯಿಸುವುದು ಎರಡನ್ನೂ ಅವರು ಇದರಲ್ಲಿಯೇ ಎಣಿಸಿದ್ದಾರೆ. ಮೊದಲನೆಯದು ಪ್ರವಾಸಿಗನಿಗೆ ಹೇಳಿದ ಮಾತಾದರೆ, ಎರಡನೆಯದು ಕ್ಷೇತ್ರದ ಹೆಸರನ್ನು ಸಾರಿ ಜನರನ್ನು ಸೆಳೆಯುವ ನಮ್ಮಂಥ ಆಡಳಿತಗಾರರಿಗೆ ಹೇಳಿದ ಮಾತು.

ಈ ತತ್ತ್ವದ ಮೂರ್ತರೂಪವನ್ನು ನೋಡಬೇಕಾದರೆ ವರಂಗಕ್ಕೆ ಹೋಗಬೇಕು. ಅಲ್ಲಿಯ ಕೆರೆಬಸದಿ ನೀರಿನ ನಡುವೆ ನಿಂತ ಚತುರ್ಮುಖ ಬಸದಿ, ದೋಣಿಯಲ್ಲದೆ ದಾರಿಯಿಲ್ಲ. ಚಿತ್ರಗಳ ಮೂಲಕ ಅದರ ಚೆಲುವು ಎಲ್ಲೆಡೆ ಹರಡಿ ಇಂದು ಜನ ಹುಡುಕಿಕೊಂಡು ಬರುತ್ತಾರೆ. ಎಷ್ಟೇ ಜನ ಬಂದರೂ ದೋಣಿ ಹಿಡಿಯುವಷ್ಟೇ ಜನ ಒಮ್ಮೆಗೆ ದಾಟಬೇಕು. ಉಳಿದವರು ದಡದಲ್ಲಿ ಕಾಯಬೇಕು. ಕಾಯುವಾಗ ಮಾತು ತಗ್ಗುತ್ತದೆ, ಮನಸ್ಸು ನಿಲ್ಲುತ್ತದೆ. ಅನುಕೂಲದ ಹೆಸರಿನಲ್ಲಿ ಅಲ್ಲಿಗೆ ಎಂದಾದರೂ ಸೇತುವೆಯ ಮಾತು ಬಂದರೆ ಸಮಾಜವು ಒಕ್ಕೊರಲಿನಿಂದ ಬೇಡವೆನ್ನಬೇಕು. ಆ ದೋಣಿಯೇ ಕ್ಷೇತ್ರದ ದಿಗ್ವ್ರತ. ಮಹಾಮಸ್ತಕಾಭಿಷೇಕಗಳ ಹನ್ನೆರಡು ವರ್ಷಗಳ ಕ್ರಮದಲ್ಲಿಯೂ ಇದೇ ವಿವೇಕ ಕಾಣುತ್ತದೆ. ಕಾರ್ಕಳದಲ್ಲಿ 2015ರಲ್ಲಿ, ವೇಣೂರಿನಲ್ಲಿ 2024ರಲ್ಲಿ ಲಕ್ಷಾಂತರ ಕಣ್ಣುಗಳು ಬಾಹುಬಲಿಯ ಕಡೆಗೆ ತಿರುಗಿದುವು. ಬಳಿಕ ಊರಿಗೆ ವಿಶ್ರಾಂತಿ. ಪ್ರತಿದಿನವನ್ನೂ ಉತ್ಸವವನ್ನಾಗಿ ಮಾಡಹೊರಟರೆ ಉತ್ಸವವೂ ಉಳಿಯದು, ಊರೂ ಉಳಿಯದು.

ವಿಶ್ವಸ್ತ ಮಂಡಳಿಗಳಲ್ಲಿ ವಿನಂತಿ

ನನ್ನ ಅಲ್ಪ ಅನುಭವದಿಂದ ಕೆಲವು ಸೂಚನೆಗಳನ್ನು ವಿನಯದಿಂದ ಮುಂದಿಡುತ್ತೇನೆ. ಹೊಸ ಕೋಣೆಯೊಂದನ್ನು ಕಟ್ಟುವ ಮೊದಲು ಏಪ್ರಿಲ್ ತಿಂಗಳಿನಲ್ಲಿ ಸುತ್ತಲಿನ ಬಾವಿಗಳ ನೀರಿನ ಮಟ್ಟವನ್ನು ಅಳೆದು ಬರೆದಿಡಬೇಕು. ಆ ಅಳತೆಯನ್ನು ವಾರ್ಷಿಕ ಲೆಕ್ಕಪತ್ರದ ಜೊತೆಗೆ ಮಹಾಸಭೆಯ ಮುಂದೆ ಇಡಬೇಕು. ಛಾವಣಿಯ ಮಳೆನೀರನ್ನು ನೆಲಕ್ಕೆ ಇಳಿಸದ ಕಟ್ಟಡಕ್ಕೆ ಒಪ್ಪಿಗೆ ಕೊಡಬಾರದು. ಸಂದರ್ಶಕರ ಕಾಣಿಕೆಯಲ್ಲಿ ನಿಶ್ಚಿತವಾದ ಒಂದು ಪಾಲು ಊರಿನ ಕೆರೆಯ ಹೂಳೆತ್ತಲು, ಶಾಲೆಗೆ, ಔಷಧಕ್ಕೆ ಸಲ್ಲಬೇಕು. ಆಹಾರ, ಅಭಯ, ಔಷಧ, ಶಾಸ್ತ್ರವೆಂಬ ಚತುರ್ವಿಧ ದಾನದ ಅರ್ಥ ಇದೇ ಅಲ್ಲವೆ? ಬಸದಿಯ ಮುಂದಿನ ಅಂಗಡಿ, ವಾಹನ ನಿಲುಗಡೆ, ದೋಣಿ ಇವುಗಳ ಕೆಲಸ ಊರಿನವರಿಗೇ ಮೊದಲು ದೊರೆಯಬೇಕು. ಸಂದರ್ಶನದ ವೇಳೆಯನ್ನು ನಿಗದಿಪಡಿಸುವಾಗ ಪಂಚಾಯತಿನವರನ್ನೂ ಇತರ ಮತದ ನೆರೆಯವರನ್ನೂ ಕೂಡಿಸಿಕೊಂಡು ಮಾತಾಡಬೇಕು. ಕಾಪುವಿನ ಹೆಗ್ಗಡೆಯು 1556ರಲ್ಲಿ ಆಣೆಯ ಮೂಲಕ ಮಾಡಿದ್ದನ್ನು ನಾವು ಸಭೆಯ ಮೂಲಕ ಮಾಡಬಹುದು.

ಇವೆಲ್ಲ ಆದಾಯವನ್ನು ಕುಗ್ಗಿಸುವುವೆಂಬ ಆಕ್ಷೇಪ ಬರಬಹುದು. ಕುಗ್ಗಿಸುತ್ತವೆ, ಅದನ್ನು ಮರೆಮಾಚಬೇಕಾಗಿಲ್ಲ. ವ್ಯಾಪಾರದಲ್ಲಿ ಬಂಡವಾಳವನ್ನು ಕರಗಿಸಿ ಲಾಭವೆಂದು ತೋರಿಸುವವನನ್ನು ನಾವು ಜಾಣನೆನ್ನುವುದಿಲ್ಲ. ಕ್ಷೇತ್ರದ ಬಂಡವಾಳ ಊರಿನ ನೀರು ಮತ್ತು ನೆರೆಯವರ ವಿಶ್ವಾಸ.

ಆ ಕೊಳವೆ ಬಾವಿಯ ಪಂಪನ್ನು ನಾವು ಮರುವರ್ಷ ನಿಲ್ಲಿಸಿದೆವು. ಕೋಣೆಗಳಲ್ಲಿ ಅರ್ಧವನ್ನು ಬೇಸಿಗೆಯಲ್ಲಿ ಮುಚ್ಚಿದೆವು. ಕಾಣಿಕೆ ಇಳಿಯಿತು. ಪಕ್ಕದ ಮನೆಯ ಬಾವಿಯ ನೀರು ಕುಡಿಯಲು ಯೋಗ್ಯವಾಗಲು ಮತ್ತೆ ನಾಲ್ಕು ಮಳೆಗಾಲ ಹಿಡಿಯಿತು. ಅಷ್ಟರಲ್ಲಿ ಆ ವೃದ್ಧೆ ತೀರಿಕೊಂಡಿದ್ದರು. ಸಿಹಿಯಾದ ನೀರನ್ನು ನನಗೆ ಕೊಟ್ಟವರು ಅವರ ಸೊಸೆ. ಕ್ಷೇತ್ರಕ್ಕೆ ಬರುವವರನ್ನು, ಏನನ್ನು ನೋಡಲು ಬಂದಿರಿ ಎಂದು ಉಳ್ಳಾಲದ ರಾಣಿಯಂತೆ ಕೇಳುವ ಅಧಿಕಾರ ನಮಗೆ ಇದೆ. ಆದರೆ ಅವಳಂತೆ ಕಾಲುವೆಯ ದಡದಲ್ಲಿ ನಿಂತಿದ್ದರೆ ಮಾತ್ರ.